ಉದ್ರಿ ವಹಿಯಿಂದ ಜೋಳ ಎಲ್ಲಿ ಹೋಯಿತು?

ಹಳೇ ಹುಬ್ಬಳ್ಳಿ ಕಿರಾಣಿ

ದೀಪಾವಳಿಗೆ ಹೊಸ ವಹಿ ತರುವುದು, ಹಳೆಯದನ್ನು ಅಟ್ಟಕ್ಕೆ ಹಾಕುವುದು ನಮ್ಮ ಅಂಗಡಿಯ ಪದ್ಧತಿ. ಈ ಸಲ ಅಟ್ಟದಲ್ಲಿ ಜಾಗವಿರಲಿಲ್ಲ. ಅಪ್ಪನ ಕಾಲದ ಉದ್ರಿ ವಹಿಗಳನ್ನು ರದ್ದಿಗೆ ಹಾಕೋಣವೆಂದು ಇಳಿಸಿದೆ. ಇಳಿಸಿದ್ದೇ ತಪ್ಪಾಯಿತು, ಎರಡು ತಾಸು ಅಲ್ಲೇ ಕುಳಿತು ಓದಿದೆ.

1994ರ ಒಂದು ಪುಟ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರ ಮನೆ, ಆರು ಜನ. ತಿಂಗಳ ಸಾಮಾನು ಹೀಗಿದೆ: ಜೋಳ 45 ಕೆಜಿ, ಅಕ್ಕಿ 8 ಕೆಜಿ, ಗೋಧಿ 5 ಕೆಜಿ, ತೊಗರಿಬೇಳೆ 3 ಕೆಜಿ, ಶೇಂಗಾ ಎಣ್ಣೆ 3 ಕೆಜಿ, ಬೆಲ್ಲ, ಸಕ್ಕರೆ, ಚಹಾಪುಡಿ, ಗುರೆಳ್ಳು ಅರ್ಧ ಕೆಜಿ. ಕೊನೆಯಲ್ಲಿ ಬಿಸ್ಕತ್ತು, ಒಂದೇ ಒಂದು ಪುಡಿಕೆ. ಅದರ ಪಕ್ಕದಲ್ಲಿ ಅಪ್ಪನ ಅಕ್ಷರ: ‘ಹುಡುಗನಿಗೆ ಜ್ವರ’. ಬಿಸ್ಕತ್ತನ್ನು ಉದ್ರಿ ಕೊಡಲು ಆಗ ಕಾರಣ ಬೇಕಾಗುತ್ತಿತ್ತು.

ಜ್ವರ ಬಂದಿದ್ದ ಆ ಹುಡುಗನೇ ಈಗ ಆ ಮನೆಯ ಯಜಮಾನ. ಉದ್ರಿ ಈಗಲೂ ನಮ್ಮಲ್ಲೇ. ಹೋದ ತಿಂಗಳ ಅವರ ಪುಟ ತೆಗೆದೆ. ಸೋನಾಮಸೂರಿ 15 ಕೆಜಿ, ಗೋಧಿ ಹಿಟ್ಟಿನ ಐದು ಕೆಜಿ ಚೀಲ ಎರಡು, ಸೂರ್ಯಕಾಂತಿ ಎಣ್ಣೆ 5 ಲೀಟರ್, ಅವಲಕ್ಕಿ, ರವೆ, ಶಾವಿಗೆ, ನೂಡಲ್ಸ್ ಒಂದು ಡಜನ್, ಟೊಮೆಟೊ ಸಾಸ್. ಐದು ರೂಪಾಯಿ, ಹತ್ತು ರೂಪಾಯಿಯ ಪ್ಯಾಕೆಟ್‌ಗಳ ಲೆಕ್ಕವೇ ಎರಡು ಪುಟ ಹಿಡಿದಿದೆ. ಜೋಳ ಒಂದು ಕಾಳೂ ಇಲ್ಲ.

ಹಾಗಾದರೆ ನನ್ನಲ್ಲಿ ಜೋಳ ಮಾರಾಟವಾಗುವುದಿಲ್ಲವೇ? ಆಗುತ್ತದೆ. ಕಾರು ನಿಲ್ಲಿಸಿ ಒಳಗೆ ಬರುವವರು ಒಯ್ಯುತ್ತಾರೆ, ಎರಡು ಕೆಜಿ, ಮೂರು ಕೆಜಿ, ‘ಒಳ್ಳೆಯ ಬಿಳಿಜೋಳ ಇದೆಯೇ’ ಎಂದು ನಾಲ್ಕು ಸಲ ಕೇಳಿ. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಹೇಳಿರುತ್ತಾರೆ. ಅಪ್ಪನ ಕಾಲದಲ್ಲಿ ಜೋಳ ಉದ್ರಿಯ ಮಾಲು, ಅಕ್ಕಿ ನಗದಿನ ಮಾಲು. ಮನೆಗೆ ಬೀಗರು ಬಂದರೆ ಅಕ್ಕಿ. ಈಗ ಎರಡೂ ಅದಲುಬದಲಾಗಿ ಕುಳಿತಿವೆ.

ಇದು ನನ್ನ ಓಣಿಯ ಕಥೆಯೋ ಎಲ್ಲ ಕಡೆಯದೋ ತಿಳಿಯಬೇಕಾಗಿದೆ. ಗದಗ, ಹಾವೇರಿ, ನವಲಗುಂದದ ಕಡೆಯವರು ನಿಮ್ಮ ಮನೆಯ ಲೆಕ್ಕ ಹೇಳಿ.

ಸಪ್ತಾಪುರದ ಲೆಕ್ಕಿಗ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಆದ್ದರಿಂದ ಅಂಕಿಗಳ ಚಟ ಕ್ಷಮಿಸಿ. ನಿಮ್ಮ ಎರಡು ಪುಟಗಳಲ್ಲಿ ಇರುವುದೇ ದೇಶದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲೂ ಇದೆ.

ಹಳ್ಳಿಯ ಮನೆಯೊಂದು ತಿಂಗಳಿಗೆ ನೂರು ರೂಪಾಯಿ ಖರ್ಚು ಮಾಡಿದರೆ 1999-2000ರಲ್ಲಿ ಅದರಲ್ಲಿ 59 ರೂಪಾಯಿಗೂ ಹೆಚ್ಚು ಆಹಾರಕ್ಕೆ ಹೋಗುತ್ತಿತ್ತು. 2011-12ರಲ್ಲಿ ಅದು ಸುಮಾರು 53, 2022-23ರಲ್ಲಿ 46 ಚಿಲ್ಲರೆ. ನಗರದಲ್ಲಿ 48ರಿಂದ 39ಕ್ಕೆ ಬಂದಿದೆ. ಆದಾಯ ಏರಿದಂತೆ ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞ 1857ರಲ್ಲೇ ಹೇಳಿದ್ದ, ಇದು ಹೊಸದೇನಲ್ಲ. ಹೊಸದು ಅದರ ಒಳಗಿನದು. ಅದೇ ನೂರು ರೂಪಾಯಿಯಲ್ಲಿ ಧಾನ್ಯಕ್ಕೆ 1999-2000ರಲ್ಲಿ 22 ರೂಪಾಯಿ, 2011-12ರಲ್ಲಿ ಸುಮಾರು 11, 2022-23ರಲ್ಲಿ 4 ರೂಪಾಯಿ 91 ಪೈಸೆ. ಪಾನೀಯ, ತಿಂಡಿ, ಸಿದ್ಧ ಆಹಾರದ ಗುಂಪಿಗೆ 9 ರೂಪಾಯಿ 62 ಪೈಸೆ. ಅಂದರೆ ಹಳ್ಳಿಯಲ್ಲಿಯೂ ಧಾನ್ಯಕ್ಕೆ ಹಾಕುವ ಹಣದ ಹೆಚ್ಚುಕಡಿಮೆ ಎರಡರಷ್ಟು ಚಹಾ, ಬಿಸ್ಕತ್ತು, ಹೊರಗಿನ ತಿಂಡಿಗೆ ಹೋಗುತ್ತಿದೆ. ಹಾಲಿಗೆ ಎಂಟು ರೂಪಾಯಿಯ ಮೇಲೆ.

ಇದು ಹಣದ ಪಾಲು, ಹೊಟ್ಟೆಯ ಪಾಲಲ್ಲ ಎಂಬುದನ್ನು ಮರೆಯಬೇಡಿ. ಪ್ರಮಾಣದಲ್ಲಿ ನೋಡಿದರೆ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 11 ಕೆಜಿಯ ಮೇಲಿದ್ದ ಧಾನ್ಯ ಸುಮಾರು 9.6 ಕೆಜಿಗೆ ಇಳಿದಿದೆ, ಅಷ್ಟೇ. ತಿನ್ನುವುದು ಸ್ವಲ್ಪ ಕಡಿಮೆಯಾಗಿದೆ, ಅದಕ್ಕೆ ಹೋಗುವ ಹಣದ ಪಾಲು ಬಹಳ ಕಡಿಮೆಯಾಗಿದೆ. ನಡುವಿನ ವ್ಯತ್ಯಾಸದ ಒಂದು ಪಾಲು ರೇಷನ್ ಅಂಗಡಿಯಲ್ಲಿದೆ.

ಕೇಶ್ವಾಪುರದ ವಾಯುವಿಹಾರಿ

ಅಲ್ಲೇ ಇದೆ ರೋಗದ ಮೂಲ. ಪುಕ್ಕಟೆ ಅಕ್ಕಿ ಕೊಟ್ಟು ಜನರ ಬಾಯಿಯ ರುಚಿಯನ್ನೂ ಕೈಯ ಕಸುವನ್ನೂ ಕೆಡಿಸಿದರು. ನಮ್ಮ ಅಜ್ಜಂದಿರು ರೊಟ್ಟಿ ತಿಂದು ಎಪ್ಪತ್ತು ವರ್ಷ ಹೊಲ ಹೂಡಿದರು. ಈಗ ಇಪ್ಪತ್ತೈದರ ಹುಡುಗ ಮಾಳಿಗೆ ಹತ್ತಿದರೆ ಏದುಸಿರು ಬಿಡುತ್ತಾನೆ. ಕೂಲಿಯವರು ಸಿಗುವುದಿಲ್ಲ, ಸಿಕ್ಕರೂ ಹನ್ನೊಂದಕ್ಕೆ ಬರುತ್ತಾರೆ. ಅನ್ನಭಾಗ್ಯ ಬಂದ ಮೇಲೆಯೇ ಜೋಳ ಹೋದದ್ದು.

ನವಲಗುಂದದ ಎರೆಹೊಲ

ಯಜಮಾನರೇ, ಜೋಳ ಹೋದದ್ದು ಮೊದಲು ನಮ್ಮ ಹೊಲದಿಂದ, ಆಮೇಲೆ ನಿಮ್ಮ ತಾಟಿನಿಂದ. ಅನ್ನಭಾಗ್ಯ ಬಂದದ್ದು 2013ರ ಜುಲೈಯಲ್ಲಿ. ನಾನು ಹಿಂಗಾರಿ ಜೋಳ ಕಡಿಮೆ ಮಾಡಿ ಕಡಲೆ ಬಿತ್ತಲು ಶುರು ಮಾಡಿದ್ದು ಅದಕ್ಕಿಂತ ಎಂಟು ಹತ್ತು ವರ್ಷ ಮೊದಲು.

ಹಿಂಗಾರಿ ಜೋಳ ಎಂದರೆ ಏನೆಂದು ಹೇಳುತ್ತೇನೆ. ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಬಿತ್ತನೆ. ಎರೆಭೂಮಿಯ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೆಯೇ ಬೆಳೆ ಬರಬೇಕು. ತೆನೆ ಹಾಲುಗಾಳಾದಾಗ ಹಕ್ಕಿ ಕಾಯಬೇಕು. ಬೆಳಗಿನ ಆರಕ್ಕೆ ಅಟ್ಟಣಿಗೆ ಹತ್ತಿ ಕವಣೆ ಬೀಸುವ ಹುಡುಗರು ಈಗ ಶಾಲೆಯ ಬಸ್ಸು ಹತ್ತುತ್ತಾರೆ, ಹತ್ತಲಿ. ಆಮೇಲೆ ಒಂದೊಂದೇ ಗಿಡವನ್ನು ಕೈಯಿಂದ ಕೀಳಬೇಕು, ತೆನೆ ಮುರಿಯಬೇಕು, ಕಣಿಕೆಯನ್ನು ಬಣವೆ ಒಟ್ಟಬೇಕು. ಜೋಳ ಕೀಳಲು ಹೋದವನ ಅಂಗೈ ನೋಡಿದವರು ಯಾರೂ ಮರುವರ್ಷ ಬಾ ಎಂದು ಕರೆಯುವುದಿಲ್ಲ. ಕಡಲೆಗೆ ಈ ಯಾವ ಗೋಳೂ ಇಲ್ಲ, ಹಕ್ಕಿಯಂತೂ ಇಲ್ಲವೇ ಇಲ್ಲ. 2024-25ರ ಹಂಗಾಮಿನಲ್ಲಿ ಮಾಲ್ದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ, ಕಡಲೆಯದು 5,650. ನೀವಾಗಿದ್ದರೆ ಏನು ಬಿತ್ತುತ್ತಿದ್ದಿರಿ?

ಇನ್ನೊಂದು ಮಾತು ಪೇಟೆಯವರಿಗೆ ಹೊಳೆಯುವುದಿಲ್ಲ. ಜೋಳ ನಮಗೆ ಅರ್ಧ ಊಟ, ಅರ್ಧ ಮೇವು. ಎತ್ತುಗಳಿದ್ದಾಗ ಕಣಿಕೆಗಾಗಿಯಾದರೂ ಜೋಳ ಬಿತ್ತುತ್ತಿದ್ದೆವು. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಎತ್ತಿನ ಹಿಂದೆ ಜೋಳ ಹೋಯಿತು. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು, ಕುಸುಬೆ, ಅಗಸೆ. ಮನೆಯ ಎಣ್ಣೆ ಆ ಕುಸುಬೆಯದು, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಆ ಅಗಸೆಯದು. ಜೋಳದ ಜೊತೆ ಅಕ್ಕಡಿಯೂ ಹೋಯಿತು. ಕುಸುಬೆ ಎಣ್ಣೆಯ ಒಗ್ಗರಣೆ ವಾಸನೆ ನನ್ನ ಮಗನಿಗೆ ಗೊತ್ತಿಲ್ಲ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕುಣಿ, ನಮ್ಮ ಮನೆಯ ಹಗೇವು, ಅದನ್ನು ಮುಚ್ಚಿ ಅದರ ಮೇಲೆ ಫರಸಿ ಹಾಸಿ ಹದಿನೈದು ವರ್ಷವಾಯಿತು. ಈಗ ಅಲ್ಲಿ ಬೈಕು ನಿಲ್ಲಿಸುತ್ತೇವೆ. ಜೋಳ ಬೇಕಾದಾಗ ನಾನೂ ಸಂತೆಯಲ್ಲಿ ಕೊಳ್ಳುತ್ತೇನೆ, ಸಾವಕಾರರೇ. ನಗದು ಕೊಟ್ಟು.

ಹಾನಗಲ್ಲಿನ ಗದ್ದೆ

ನಾಡಿನ ಊಟ ಎಂದರೆ ರೊಟ್ಟಿ ಎಂದು ಹಿಡಿದುಕೊಂಡು ಕುಳಿತ ನಿಮಗೆಲ್ಲ ಒಂದು ವಿನಂತಿ. ಹಾನಗಲ್, ಕಲಘಟಗಿ, ಶಿಗ್ಗಾಂವಿಯ ಅರ್ಧ ಭಾಗ, ಧಾರವಾಡದ ಪಶ್ಚಿಮದ ಹಳ್ಳಿಗಳು, ಇವೂ ಇದೇ ಸೀಮೆಯಲ್ಲಿವೆ. ನಮ್ಮದು ಕೂರಿಗೆ ಭತ್ತದ ನಾಡು. ಅಜ್ಜನ ಕಾಲದಿಂದಲೂ ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ರೊಟ್ಟಿ ನಡುವೆ ಒಮ್ಮೆ. ನಮಗೆ ಅನ್ನ ತಿನ್ನಲು ಸರಕಾರ ಕಲಿಸಬೇಕಾಗಿರಲಿಲ್ಲ.

ಆದರೆ ನಮ್ಮಲ್ಲೂ ಬದಲಾಗಿದೆ. ಭತ್ತದ ಗದ್ದೆಗಳಲ್ಲಿ ಗೋವಿನಜೋಳ (ಮೆಕ್ಕೆಜೋಳ) ನಿಂತಿದೆ, ನೀರಿದ್ದ ಕಡೆ ಅಡಿಕೆ. ಹಿಂದೆ ನಮ್ಮ ಗದ್ದೆಯ ಅಕ್ಕಿಯನ್ನೇ ಉಣ್ಣುತ್ತಿದ್ದ ನಾವು ಈಗ ಗೋವಿನಜೋಳ ಮಾರಿ ಗಂಗಾವತಿಯ ಕಡೆಯ ಸೋನಾಮಸೂರಿ ಕೊಳ್ಳುತ್ತೇವೆ. ಗೋವಿನಜೋಳ ನಮ್ಮ ಯಾರ ತಾಟಿಗೂ ಬರುವುದಿಲ್ಲ. ಕೋಳಿ ತಿನ್ನುತ್ತದೆ, ಕೋಳಿಯನ್ನು ನಾವು ತಿನ್ನುತ್ತೇವೆ. ಹಬ್ಬಕ್ಕೋ ಜಾತ್ರೆಗೋ ಇದ್ದ ಮಾಂಸ ಈಗ ಪ್ರತಿ ಭಾನುವಾರ. ಮೊಟ್ಟೆ ಅಂತೂ ಲೆಕ್ಕಕ್ಕಿಲ್ಲ. ತಿನ್ನುವವರ ಮನೆಗಳ ಮಾತು ಹೇಳುತ್ತಿದ್ದೇನೆ, ತಿನ್ನದವರು ಜಗಳಕ್ಕೆ ಬರಬೇಡಿ.

ಬೆಟಗೇರಿ ಹಂಚು

ಎಲ್ಲರ ಮಾತು ಓದಿದೆ. ಹೊಲದ ಲೆಕ್ಕ ಬಂತು, ಸರಕಾರದ ಲೆಕ್ಕ ಬಂತು, ಅಂಗಡಿಯ ಲೆಕ್ಕ ಬಂತು. ರೊಟ್ಟಿ ಬಡಿಯುವವರ ಲೆಕ್ಕ ಯಾರೂ ಕೇಳಲಿಲ್ಲ. ನಾನು ದಿನಕ್ಕೆ ನೂರು ರೊಟ್ಟಿ ಮಾಡಿ ಮಾರುತ್ತೇನೆ, ಒಂಬತ್ತು ವರ್ಷದಿಂದ.

ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಲಟ್ಟಣಿಗೆ ಹಿಡಿದರೆ ಹರಿದು ಹೋಗುತ್ತದೆ. ಕುದಿಯುವ ಎಸರು ಹಾಕಿ, ಸುಡುಸುಡು ಇರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಬೇಕು, ಆಗ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆಮೇಲೆ ಒಂದೊಂದೇ ಉಂಡೆ, ಒಂದೊಂದೇ ಬಡಿತ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರಿನ ಬಟ್ಟೆ ಸವರಬೇಕು, ಸರಿಯಾದ ಹೊತ್ತಿಗೆ ತಿರುವಬೇಕು. ತಿರುವುವುದು ಒಂದು ಉಸಿರು ತಡವಾದರೆ ಉಬ್ಬುವುದಿಲ್ಲ. ಕಲಿಯಲು ನನಗೆ ಎರಡು ವರ್ಷ ಬೇಕಾಯಿತು, ಅವ್ವನ ಕೈಯಲ್ಲಿ ಬೈಸಿಕೊಂಡು. ಆರು ಜನರ ಮನೆಗೆ ಎರಡು ಹೊತ್ತಿಗೆ ಮೂವತ್ತು ರೊಟ್ಟಿ ಬೇಕು. ಅದಕ್ಕೆ ಒಲೆಯ ಮುಂದೆ ಎರಡು ತಾಸು. ಅನ್ನಕ್ಕೆ ಕುಕ್ಕರಿನ ಮೂರು ಸೀಟಿ.

ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್‌ಗೋ ಮನೆಗೆಲಸಕ್ಕೋ ಹೋಗುವ ಹೆಣ್ಣು ಯಾವುದನ್ನು ಆರಿಸಿಕೊಳ್ಳಬೇಕು? ಅಜ್ಜಂದಿರು ರೊಟ್ಟಿ ತಿಂದು ಹೊಲ ಹೂಡಿದರು ಎಂದು ಬರೆದಿರಲ್ಲ, ವಾಯುವಿಹಾರಿ ಅಣ್ಣನವರೇ, ಆ ರೊಟ್ಟಿ ಬಡಿದ ಅಜ್ಜಿ ಎಷ್ಟು ಗಂಟೆಗೆ ಏಳುತ್ತಿದ್ದಳೆಂದು ನಿಮಗೆ ನೆನಪಿದೆಯೇ?

ಇನ್ನು ಹಣದ ಲೆಕ್ಕ. ಜೋಳ ಕೆಜಿಗೆ 60 ರೂಪಾಯಿ, ಗಿರಣಿ 5, ಗ್ಯಾಸು ಕಟ್ಟಿಗೆ ಸೇರಿ 15. ಒಂದು ಕೆಜಿಗೆ 16 ರೊಟ್ಟಿ. ಅಂಗಡಿಗೆ ಏಳು ರೂಪಾಯಿಗೊಂದರಂತೆ ಹಾಕಿದರೆ 112. ಉಳಿಯುವುದು 32. ನೂರು ರೊಟ್ಟಿಗೆ ಇನ್ನೂರು ರೂಪಾಯಿ, ನಾಲ್ಕು ತಾಸಿನ ಕೆಲಸ. ಇದರಲ್ಲಿ ಬೆನ್ನುನೋವಿನ ಮಾತ್ರೆ ಸೇರಿಲ್ಲ. ನಮ್ಮ ಮನೆಗೆ ರೇಷನ್ ಅಕ್ಕಿ ಬರುತ್ತದೆ, ಹೌದು. ಅದು ಬರುವುದರಿಂದಲೇ ನಾನು ಜೋಳವನ್ನು ಮಾರಾಟಕ್ಕೆ ಇಡಲು ಆಗುತ್ತದೆ. ನನ್ನ ಮಕ್ಕಳು ಮಧ್ಯಾಹ್ನ ಅನ್ನ ಉಣ್ಣುತ್ತಾರೆ, ನಾನು ಬಡಿದ ರೊಟ್ಟಿ ನಿಮ್ಮ ಮನೆಗೆ ಬರುತ್ತದೆ.

ಕೇಶ್ವಾಪುರದ ವಾಯುವಿಹಾರಿ

ಅಕ್ಕನವರೇ, ನಿಮ್ಮನ್ನು ಉದ್ದೇಶಿಸಿ ಬರೆದದ್ದಲ್ಲ. ನಮ್ಮ ಮನೆಗೂ ರೊಟ್ಟಿ ಹೊರಗಿನಿಂದಲೇ ಬರುತ್ತದೆ, ಸೊಸೆಗೆ ಬಡಿಯಲು ಬರುವುದಿಲ್ಲ.

ಬೆಟಗೇರಿ ಹಂಚು

ಮಗನಿಗೆ ಬರುತ್ತದೆಯೇ?

ಪಿಜಿಯ ಡಬ್ಬಿ

ನಾನು ಹಿರೇಕೆರೂರಿನ ಕಡೆಯವಳು, ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಪಿಜಿಯಲ್ಲಿ ಬೆಳಗ್ಗೆ ಉಪ್ಪಿಟ್ಟು ಇಲ್ಲವೇ ಅವಲಕ್ಕಿ, ಮಧ್ಯಾಹ್ನ ರಾತ್ರಿ ಅನ್ನ, ಸಾರು, ಎರಡು ಚಪಾತಿ. ರೊಟ್ಟಿ ಭಾನುವಾರ ಮಾತ್ರ. ಉಳಿದ ದಿನ ಹತ್ತು ಗಂಟೆ ರಾತ್ರಿಗೆ ಹಸಿವಾದರೆ ನೂಡಲ್ಸ್, ಎಗ್ ರೈಸ್. ಖಾನಾವಳಿಯ ರೊಟ್ಟಿ ಊಟ ವಾರಕ್ಕೊಮ್ಮೆ, ಗೆಳತಿಯರೆಲ್ಲ ಸೇರಿ ಹೋಗುತ್ತೇವೆ. ಪುಂಡಿಪಲ್ಯ, ಮೊಳಕೆ ಕಾಳು, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಮನೆಯಲ್ಲಿ ಇದನ್ನೇ ಬಡಿಸಿದರೆ ‘ಮತ್ತೆ ಅದೇ ಪಲ್ಯವೇ’ ಎಂದು ಮೂಗು ಮುರಿಯುತ್ತಿದ್ದೆ. ಇಲ್ಲಿ ದುಡ್ಡು ಕೊಟ್ಟು ಫೋಟೋ ತೆಗೆದುಕೊಂಡು ತಿನ್ನುತ್ತೇನೆ.

ಊರಿಗೆ ಹೋದಾಗ ಅಮ್ಮ ಖಡಕ್ ರೊಟ್ಟಿ ಕಟ್ಟಿಕೊಡುತ್ತಾಳೆ. ಹದಿನೈದು ದಿನ ಇರುತ್ತದೆ. ರೂಮಿನಲ್ಲಿ ಬಿಜಾಪುರ, ರಾಯಚೂರು, ಶಿರಸಿಯ ಹುಡುಗಿಯರಿದ್ದಾರೆ. ಶಿರಸಿಯವಳಿಗೆ ಮೊದಲ ದಿನ ಅದು ಹಪ್ಪಳವೆಂದೇ ಅನ್ನಿಸಿತ್ತು. ಈಗ ನನ್ನ ಡಬ್ಬಿ ಮೊದಲು ಖಾಲಿ ಮಾಡುವವಳು ಅವಳೇ.

ಸಪ್ತಾಪುರದ ಲೆಕ್ಕಿಗ

ಡಬ್ಬಿ ಎಂದದ್ದಕ್ಕೆ ನೆನಪಾಯಿತು. ನಾನು ಧಾರವಾಡದಲ್ಲಿ ಓದುವಾಗ ನರಗುಂದದ ಕಡೆಯಿಂದ ಬರುವ ಬಸ್ಸಿನಲ್ಲಿ ದಿನವೂ ನನ್ನ ಬುತ್ತಿ ಬರುತ್ತಿತ್ತು. ನನ್ನದೊಂದೇ ಅಲ್ಲ, ಎಂಜಿನ್ನಿನ ಪಕ್ಕ ಹತ್ತಾರು ಡಬ್ಬಿಗಳು, ಬಟ್ಟೆಯ ಗಂಟಿನ ಮೇಲೆ ಹೆಸರಿನ ಚೀಟಿ. ಹನ್ನೆರಡಕ್ಕೆ ನಿಲ್ದಾಣಕ್ಕೆ ಓಡಿದರೆ ರೊಟ್ಟಿ ಇನ್ನೂ ಮೆತ್ತಗೆ. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ವಾಪಸ್. ನಿರ್ವಾಹಕ ಒಂದು ಪೈಸೆ ಕೇಳಿದವನಲ್ಲ. ಇಡೀ ವ್ಯವಸ್ಥೆ ನಿಂತಿದ್ದದ್ದು ನಸುಕಿನ ನಾಲ್ಕಕ್ಕೆ ಎದ್ದ ತಾಯಿಯ ಮೇಲೆ. ನಾನು ಇದನ್ನು ಇಷ್ಟು ವರ್ಷ ಬಸ್ಸಿನ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇನೆ. ಬೆಟಗೇರಿಯ ಅಕ್ಕನವರ ಬರಹ ಓದಿದ ಮೇಲೆ ಸ್ವಲ್ಪ ನಾಚಿಕೆಯಾಯಿತು.

ಅವರ ಲೆಕ್ಕದಿಂದ ಇನ್ನೊಂದು ಹೊಳೆಯಿತು. ಸಮೀಕ್ಷೆಯವರು ಮನೆಯಲ್ಲಿ ಬಳಸಿದ ಜೋಳವನ್ನು ಧಾನ್ಯದ ಗುಂಪಿಗೆ ಬರೆದುಕೊಳ್ಳುತ್ತಾರೆ, ಹೊಲದಿಂದಲೇ ಬಂದಿದ್ದರೆ ಹೊಲದ ಬೆಲೆ ಕಟ್ಟುತ್ತಾರೆ. ಬೇಯಿಸಿದ್ದನ್ನು ಕೊಂಡರೆ ಅದು ಸಿದ್ಧ ಆಹಾರದ ಗುಂಪು. ಹೀಗಾಗಿ ಅದೇ ಜೋಳ, ಅದೇ ರೊಟ್ಟಿ, ಸೊಸೆ ಬಡಿದರೆ ಧಾನ್ಯ, ಬೆಟಗೇರಿಯಿಂದ ತಂದರೆ ತಿಂಡಿ. ಸಿದ್ಧ ಆಹಾರ ಹೆಚ್ಚಾಯಿತು ಎಂದ ಕೂಡಲೇ ಎಲ್ಲರೂ ಚಿಪ್ಸ್ ತಿನ್ನುತ್ತಿದ್ದಾರೆ ಎಂದು ತಿಳಿಯಬಾರದು. ಅದರಲ್ಲಿ ಒಂದು ಪಾಲು ಹೆಂಗಸರು ಬಿಟ್ಟ ಅಡುಗೆಮನೆಯ ಕೆಲಸಕ್ಕೆ ಇನ್ನೊಬ್ಬ ಹೆಂಗಸಿಗೆ ಕೊಟ್ಟ ಕೂಲಿ.

ಬೆಟಗೇರಿ ಹಂಚು

ಅಂದರೆ ಸರಕಾರದ ಕಾಗದದಲ್ಲಿ ನನ್ನ ರೊಟ್ಟಿಯೂ ಬಿಸ್ಕತ್ತೂ ಒಂದೇ ಸಾಲಿನಲ್ಲಿವೆಯೇ, ಸರ್?

ಸಪ್ತಾಪುರದ ಲೆಕ್ಕಿಗ

ಒಂದೇ ಸಾಲಲ್ಲ. ಒಂದೇ ಗುಂಪು.

ಹಾವೇರಿ ಅಂಗನವಾಡಿ

ಬಿಸ್ಕತ್ತಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನ್ನ ಕೇಂದ್ರಕ್ಕೆ ಬರುವ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳು ಬೆಳಗ್ಗೆ ಐದು ರೂಪಾಯಿಯ ಕುರುಕಲು ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ. ತಾಯಿ ಏಳು ಗಂಟೆಗೆ ಕೂಲಿಗೆ ಹೋಗಬೇಕು, ಮಗು ಅಳುತ್ತದೆ, ಐದು ರೂಪಾಯಿಯಲ್ಲಿ ಅಳು ನಿಲ್ಲುತ್ತದೆ. ಬಡವರ ಮನೆಯೆಂದೂ ಅಲ್ಲ, ಉಳ್ಳವರ ಮನೆಯ ಮಗು ಇಪ್ಪತ್ತು ರೂಪಾಯಿಯದನ್ನು ತಿನ್ನುತ್ತದೆ, ಅಷ್ಟೇ ವ್ಯತ್ಯಾಸ. ಹನ್ನೆರಡಕ್ಕೆ ಊಟ ಬಡಿಸಿದರೆ ಎರಡು ತುತ್ತಿಗೆ ಸಾಕು ಎನ್ನುತ್ತವೆ. ಮೊಟ್ಟೆ ಇದ್ದ ದಿನ ಮಾತ್ರ ತಾಟು ಖಾಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ, ಹೆಂಗಸರಲ್ಲಿ ಸುಮಾರು 48. ನಮ್ಮ ತರಬೇತಿಯಲ್ಲಿ ಈ ಅಂಕಿಯನ್ನು ಗೋಡೆಗೆ ತೋರಿಸಿ ‘ತಾಯಂದಿರಿಗೆ ತಿಳಿವಳಿಕೆ ನೀಡಿ’ ಎನ್ನುತ್ತಾರೆ. ತಿಳಿವಳಿಕೆ ಅವರಿಗಿದೆ. ಸೊಪ್ಪು ಒಳ್ಳೆಯದೆಂದು ಯಾವ ತಾಯಿಗೆ ಗೊತ್ತಿಲ್ಲ? ಸೊಪ್ಪು ಸೋಸಿ ತೊಳೆಯಲು ಅರ್ಧ ತಾಸು ಬೇಕು, ಕಡ್ಡಿಯೆಲ್ಲ ತೆಗೆದ ಮೇಲೆ ಒಂದು ಹಿಡಿ ಉಳಿಯುತ್ತದೆ.

ಹಿಂದೆ ಹೊಲಕ್ಕೆ ಹೋದ ಹೆಂಗಸರು ಬರುವಾಗ ಮಡಿಲಲ್ಲಿ ಸೊಪ್ಪು ಕಿತ್ತು ತರುತ್ತಿದ್ದರು. ಕಳೆನಾಶಕ ಹೊಡೆದ ಹೊಲದಲ್ಲಿ ಆ ಸೊಪ್ಪೂ ಇಲ್ಲ.

ಕುಂದಗೋಳದ ಸಾವೆ

ಸಾವೆ ಅಕ್ಕಿಯನ್ನೂ ನೆನೆಸಿಕೊಳ್ಳಿ. ತೃಣಧಾನ್ಯ ಎಂದು ಕರೆಯುತ್ತಿದ್ದಾಗ ಅದು ಬಡವರ ಮನೆಯಲ್ಲಿತ್ತು, ಸಿರಿಧಾನ್ಯ ಎಂದು ಹೆಸರಿಟ್ಟ ಮೇಲೆ ಗಾಜಿನ ಬರಣಿ ಸೇರಿತು. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ ಎಂದು ಮೇಳಗಳಾದವು. ಮೇಳದಲ್ಲಿ ನವಣೆಯ ಪಿಜ್ಜಾ ಮಾರಿದರು, ತಿಂದೆ, ಮತ್ತೆ ತಿನ್ನುವುದಿಲ್ಲ. ಆದರೆ ಎಲ್ಲವೂ ಮೇಳವಲ್ಲ. ನಮ್ಮ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು ಬೀಜ ಸಂಗ್ರಹಿಸಿ, ಸಿರಿಧಾನ್ಯದ ಸಿಪ್ಪೆ ತೆಗೆಯುವ ಘಟಕ ನಡೆಸಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಸಾವೆ ಅಡುಗೆಮನೆ ಬಿಟ್ಟದ್ದಕ್ಕೆ ಮುಖ್ಯ ಕಾರಣ ಒರಳು ಕುಟ್ಟುವ ಕೆಲಸವೇ. ಆ ಯಂತ್ರ ಹತ್ತಿರ ಬಂದ ಕಡೆ ಅದೂ ಸ್ವಲ್ಪ ಸ್ವಲ್ಪ ಮರಳುತ್ತಿದೆ. ಬೆಲೆ ಮಾತ್ರ ಇನ್ನೂ ಬಡವರ ಕೈಗೆ ಎಟುಕುತ್ತಿಲ್ಲ.

ಹಳೇ ಹುಬ್ಬಳ್ಳಿ ಕಿರಾಣಿ

ಇಷ್ಟು ಮಾತು ಬರುತ್ತದೆಂದು ಎಣಿಸಿರಲಿಲ್ಲ. ಐದು ರೂಪಾಯಿಯ ಪ್ಯಾಕೆಟ್ ಮಾರುವವನು ನಾನೇ ಆದ್ದರಿಂದ ನನ್ನ ಕಡೆಯದನ್ನೂ ಹೇಳಿಬಿಡುತ್ತೇನೆ. ಅಕ್ಕಿ, ಬೇಳೆ, ಎಣ್ಣೆಯಲ್ಲಿ ನನಗೆ ಉಳಿಯುವುದು ನೂರಕ್ಕೆ ಮೂರೋ ನಾಲ್ಕೋ. ತೂಗಬೇಕು, ಕಟ್ಟಬೇಕು, ಇಲಿಯಿಂದ ಕಾಯಬೇಕು. ಪ್ಯಾಕೆಟ್ ತೂಗಬೇಕಿಲ್ಲ, ಕಟ್ಟಬೇಕಿಲ್ಲ, ಉಳಿಯುವುದು ಅದರ ಮೂರರಷ್ಟು. ಕಂಪನಿಯ ಹುಡುಗ ವಾರಕ್ಕೆ ಎರಡು ಸಲ ಬಂದು ತಾನೇ ಹಗ್ಗಕ್ಕೆ ಪೋಣಿಸಿ ಹೋಗುತ್ತಾನೆ, ಅದೂ ಮಕ್ಕಳ ಕಣ್ಣಿನ ಎತ್ತರಕ್ಕೆ. ಜೋಳಕ್ಕೆ ಅಂಥ ಹುಡುಗ ಯಾರೂ ಇಲ್ಲ.

ಬಡವರು, ಉಳ್ಳವರು ಎಂಬ ವ್ಯತ್ಯಾಸ ನನಗೆ ಏನು ತಿನ್ನುತ್ತಾರೆ ಎಂಬುದರಲ್ಲಿ ಕಾಣುವುದಕ್ಕಿಂತ ಎಷ್ಟೆಷ್ಟು ಕೊಳ್ಳುತ್ತಾರೆ ಎಂಬುದರಲ್ಲಿ ಕಾಣುತ್ತದೆ. ತಿಂಗಳ ಪಗಾರದವರು ಐದು ಲೀಟರಿನ ಎಣ್ಣೆ ಡಬ್ಬಿ ಒಯ್ಯುತ್ತಾರೆ. ದಿನಗೂಲಿಯವರು ಸಂಜೆ ಏಳಕ್ಕೆ ಬಂದು ಕಾಲು ಲೀಟರಿಗೂ ಕಡಿಮೆ ಒಯ್ಯುತ್ತಾರೆ, ನಾಳೆ ಮತ್ತೆ ಬರುತ್ತಾರೆ. ಲೆಕ್ಕ ಹಾಕಿದರೆ ಲೀಟರಿಗೆ ಹೆಚ್ಚು ಕೊಡುವವರು ಇವರೇ. 2022ರಲ್ಲಿ ಯುಕ್ರೇನಿನ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಜಿಗಿಯಿತಲ್ಲ, ಏಪ್ರಿಲಿನಲ್ಲಿ ಇಂಡೋನೇಷ್ಯಾ ಬೇರೆ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಆ ತಿಂಗಳು ಪಗಾರದ ಮನೆಗಳು ಗೊಣಗುತ್ತ ಅದೇ ಡಬ್ಬಿ ಒಯ್ದವು. ದಿನಗೂಲಿಯ ಮನೆಗಳು ಒಗ್ಗರಣೆ ಬಿಟ್ಟವು. ನಮ್ಮ ಅಕ್ಕಡಿಯ ಕುಸುಬೆ ಇದ್ದಿದ್ದರೆ ಯುಕ್ರೇನಿನ ಗೊಡವೆ ನಮಗೇಕೆ ಬರುತ್ತಿತ್ತು, ನವಲಗುಂದದ ಅಣ್ಣನವರೇ?

ಆಮೇಲೆ ರೇಷನ್ ಅಕ್ಕಿ. ಅದನ್ನು ಊಟಕ್ಕೇ ಬಳಸುವ ಮನೆಗಳು ನನ್ನ ಓಣಿಯಲ್ಲಿ ಬಹಳವಿವೆ. ಸ್ವಲ್ಪ ಅನುಕೂಲವಿದ್ದವರು ಅದನ್ನು ದೋಸೆ, ಇಡ್ಲಿಗೆ ನೆನೆಹಾಕಿ ಊಟಕ್ಕೆ ಸೋನಾಮಸೂರಿ ಕೊಳ್ಳುತ್ತಾರೆ. ಬೆಳಗಿನ ತಿಂಡಿ ಎಂದರೆ ದೋಸೆ ಎಂಬುದು ನಮ್ಮ ಓಣಿಗೆ ಬಂದದ್ದೇ ಹೀಗೆ. ಮೊದಲು ನಿನ್ನೆಯ ರೊಟ್ಟಿ, ಚಹಾ, ಇಲ್ಲವೇ ಒಗ್ಗರಣೆ ಮಂಡಕ್ಕಿ.

ನವಲಗುಂದದ ಎರೆಹೊಲ

ಕುಸುಬೆ ಬಿತ್ತಿದರೆ ಮುಳ್ಳು, ಕೊಯ್ಯುವವರು ಬೇಕು. ಕೊಯ್ಯುವವರನ್ನು ಹುಬ್ಬಳ್ಳಿಯಿಂದ ಕಳಿಸಿ, ನಾಳೆಯೇ ಬಿತ್ತುತ್ತೇನೆ. ಈ ಸಲ ಎರಡು ಎಕರೆ ಜೋಳ ಹಾಕಿದ್ದೇನೆ, ಪೇಟೆಯಲ್ಲಿ ಬೆಲೆ ಬಂದದ್ದಕ್ಕೆ. ಸೀತನಿ, ಅಂದರೆ ಸುಟ್ಟ ಎಳೆ ಜೋಳದ ತೆನೆ, ತಿನ್ನಬೇಕೆನ್ನುವವರು ಜನವರಿಯಲ್ಲಿ ಬನ್ನಿ, ಬೆಲ್ಲ ನೀವು ತನ್ನಿ.

ಹಾನಗಲ್ಲಿನ ಗದ್ದೆ

ಸೀತನಿಗೆ ನಾನೂ ಬರುತ್ತೇನೆ. ಅನ್ನ ತಿನ್ನುವವರಿಗೆ ಪ್ರವೇಶವಿದೆ ತಾನೇ?

ಪಿಜಿಯ ಡಬ್ಬಿ

ಕಿರಾಣಿ ಅಂಕಲ್, ನಿಮ್ಮ ಅಂಗಡಿಯಲ್ಲಿ ಜೋಳದ ಹಿಟ್ಟಿನ ಪ್ಯಾಕೆಟ್ ಇದೆಯೇ? ರೂಮಿನಲ್ಲಿ ಇಂಡಕ್ಷನ್ ಒಲೆ ಇದೆ, ಯೂಟ್ಯೂಬ್ ನೋಡಿ ಪ್ರಯತ್ನಿಸಿದೆವು. ಅಂಚು ಒಡೆದು ಭೂಪಟದಂತಾಯಿತು.

ಬೆಟಗೇರಿ ಹಂಚು

ಪ್ಯಾಕೆಟ್ ಹಿಟ್ಟು ಹಳೆಯದಾಗಿರುತ್ತದೆ ತಂಗಿ. ಜೋಳದ ಹಿಟ್ಟು ಬೀಸಿ ವಾರವಾದರೆ ಜಿಗಿ ಹೋಗುತ್ತದೆ, ನೀನು ಎಷ್ಟು ನಾದಿದರೂ ಒಡೆಯುತ್ತದೆ. ತಪ್ಪು ನಿನ್ನ ಕೈಯದಲ್ಲ. ಗಿರಣಿಯಲ್ಲಿ ಒಂದೇ ಕೆಜಿ ಬೀಸಿಸಿ ನಾಲ್ಕು ದಿನದೊಳಗೆ ಮುಗಿಸಿ. ನೀರು ಕುದಿಯುತ್ತಿರಬೇಕು, ಬೆಚ್ಚಗಿದ್ದರೆ ಸಾಲದು. ಮೊದಲು ಅಂಗೈ ಅಗಲದ್ದು ಮಾಡಿ; ದೊಡ್ಡದು ಆಮೇಲೆ.

ಯಂತ್ರದ ರೊಟ್ಟಿಯೂ ಬಂದಿದೆ ಈಗ. ಗುಂಡಗೆ ಒಂದೇ ಅಳತೆಯದು ಬರುತ್ತದೆ. ಮದುವೆ ಮನೆಯವರು ಅದನ್ನೇ ಒಯ್ಯುತ್ತಾರೆ, ನನಗೆ ಸಿಟ್ಟಿಲ್ಲ. ನನ್ನ ಭುಜ ಇನ್ನು ಹತ್ತು ವರ್ಷ ತಡೆಯುತ್ತದೆಂದು ನನಗೂ ನಂಬಿಕೆಯಿಲ್ಲ. ಸಾಲ ಸಿಕ್ಕರೆ ನಾನೂ ಒಂದು ತರಿಸುವವಳೇ.

ಹಳೇ ಹುಬ್ಬಳ್ಳಿ ಕಿರಾಣಿ

ಎಂಟು ದಿನಗಳ ಮೇಲೆ ಬರೆಯುತ್ತಿದ್ದೇನೆ. ನಮ್ಮ ಓಣಿಯಲ್ಲೇ ರೊಟ್ಟಿ ಮಾಡುವ ಒಬ್ಬರು ಇದ್ದಾರೆಂದು ನನ್ನ ಹೆಂಡತಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದಿನಕ್ಕೆ ನಲವತ್ತು ತರಿಸಲು ಶುರು ಮಾಡಿದೆ. ಪ್ಯಾಕೆಟ್‌ಗಳ ಹಗ್ಗ ತೆಗೆದಿಲ್ಲ, ಸುಳ್ಳು ಏಕೆ ಹೇಳಲಿ. ಅದರ ಪಕ್ಕಕ್ಕೆ ಬುಟ್ಟಿ ಇಟ್ಟಿದ್ದೇನೆ. ಮೊದಲ ದಿನ ಹನ್ನೊಂದು ಉಳಿದವು, ನಾವೇ ತಿಂದೆವು. ನಾಲ್ಕನೆಯ ದಿನದಿಂದ ಸಂಜೆ ಆರರೊಳಗೆ ಖಾಲಿ. ಒಯ್ಯುವವರು ಕಾರಿನವರಲ್ಲ, ಕೆಲಸ ಮುಗಿಸಿ ಬರುವ ಹೆಂಗಸರು.

ನಿನ್ನೆ ಆ ‘ಜ್ವರದ ಹುಡುಗ’ನ ಹೆಂಡತಿ ಬಂದು ಹತ್ತು ರೊಟ್ಟಿ ಒಯ್ದರು. ಉದ್ರಿ. ವಹಿ ತೆಗೆದು ಯಾವ ಸಾಮಾನಿನ ಕೆಳಗೆ ಬರೆಯಲಿ ಎಂದು ಯೋಚಿಸಿದೆ. ಅಕ್ಕಿಯ ಕೆಳಗೆ ಜಾಗವಿರಲಿಲ್ಲ. ಪ್ರೊಫೆಸರ್ ಸಾಹೇಬರು ಹೇಳಿದ ಗುಂಪಿನಲ್ಲೇ, ಬಿಸ್ಕತ್ತಿನ ಕೆಳಗೆ ಬರೆದೆ.

ಬೆಟಗೇರಿ ಹಂಚು

ಆಕೆಗೆ ಎಷ್ಟು ಕೊಡುತ್ತೀರಿ, ಎಷ್ಟಕ್ಕೆ ಮಾರುತ್ತೀರಿ?

ಹಳೇ ಹುಬ್ಬಳ್ಳಿ ಕಿರಾಣಿ

ಏಳಕ್ಕೆ ಕೊಂಡು ಎಂಟಕ್ಕೆ.

ಬೆಟಗೇರಿ ಹಂಚು

ಎಂಟು ಸರಿಯಾಗಿದೆ. ಆಕೆಗೆ ಏಳೂವರೆ ಕೊಡಿ.